ಬೆರಳೆತ್ತಿದರೆ ನಿಲ್ಲಬೇಕು

ಮಲಾಡಿನ ನಮ್ಮ ಸೊಸೈಟಿಯಲ್ಲಿ ನರ್ಸಿಂಗ್ ಕಲಿಯಲು ಹೊರಟ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು ಕೂರುತ್ತಾರೆ. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: "ಆಂಟಿ, ನಿಮಗೆ ಡರ್ ಆಗ್ತಿರಲಿಲ್ವಾ?" ಇಲ್ಲಮ್ಮ, ಅಭ್ಯಾಸವಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಬೇಕು ಎಂಬುದು ಅವರ ಆಸೆ. ನಾನು ಹಾಗೆ ಹೇಳುವುದಿಲ್ಲ. ಹೇಳಿದರೆ ಅದು ಶುದ್ಧ ಸುಳ್ಳು. ಕೆಲಸ ಮಾಡಿದಷ್ಟು ವರ್ಷವೂ ನಾನು ಹೆದರಿದ್ದೇನೆ. ನಾನು ಮೇಟ್ರನ್ ಆದದ್ದು, ನಿವೃತ್ತಿಯ ದಿನ ಶಾಲು ಹೊದಿಸಿ ಭಾಷಣ ಬಿಗಿದದ್ದು ಯಾರಿಗೂ ಉಪಯೋಗವಿಲ್ಲ. ಹೆದರಿದ್ದನ್ನು ಬರೆದರೆ ಯಾರಿಗಾದರೂ ಉಪಯೋಗವಾದೀತು.

ನಾನು ಧಾರವಾಡದವಳು. ಐವತ್ತರ ದಶಕದ ಮೊದಲಲ್ಲಿ, ವಿಲೆ ಪಾರ್ಲೆಯ ಚಾಳಿನಲ್ಲಿದ್ದ ಅಣ್ಣನ ಮನೆಗೆಂದು ಮುಂಬಯಿಗೆ ಬಂದೆ. ಆಗ ಎಲ್ಲರೂ ಬೊಂಬಾಯಿ ಎನ್ನುತ್ತಿದ್ದರು. ಫೋರ್ಟಿನಿಂದ ಟ್ರಾಮಿನಲ್ಲಿ ಹೋಗುವಷ್ಟು ದೂರದ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ಅಲ್ಲೇ ಕೆಲಸಕ್ಕೆ ಸೇರಿದೆ. ನನ್ನ ಕೈಗಳು ದೊಡ್ಡವು. ರೊಟ್ಟಿ ಬಡಿಯೋ ಕೈ ಎಂದು ಅಣ್ಣ ಚುಡಾಯಿಸುತ್ತಿದ್ದ. ಆ ಕೈಗಳೇ ನನ್ನನ್ನು ಹಿಡಿದುಕೊಟ್ಟವು. ಅನ್ನನಾಳದ ಶಸ್ತ್ರವೈದ್ಯರು ಒಂದು ದಿನ ವಾರ್ಡಿಗೆ ಬಂದವರು ನನ್ನ ಮುಖ ನೋಡದೆ ಕೈ ನೋಡಿದರು. "ಯೇ ಹಾಥ್ ಮುಝೇ ಚಾಹಿಯೇ", ಈ ಕೈ ನನಗೆ ಬೇಕು ಎಂದು ಮೇಟ್ರನ್‌ಗೆ ಹೇಳಿ ಹೊರಟುಹೋದರು. ಮರುದಿನದಿಂದ ನಾನು ಅವರ ಥಿಯೇಟರಿನಲ್ಲಿ ತಲೆ ಹಿಡಿಯುವವಳು.

ಅವರು ಪಾರ್ಸಿ. ನಾವು ಬಡೇ ಸಾಹೇಬರು ಎನ್ನುತ್ತಿದ್ದೆವು. ಎತ್ತರದ ಆಳು, ಬೋಳು ತಲೆ, ಹತ್ತಿರ ಬಂದರೆ ಅತ್ತರಿನ ಘಮ. ಸಿಟ್ಟು ಬಂದರೆ ಕೈಗೆ ಸಿಕ್ಕಿದ ಟ್ರೇ ಗೋಡೆಗೆ ಹೋಗುತ್ತಿತ್ತು. ಅವರ ಕೂಗಿಗೆ ವಾರ್ಡ್‌ಬಾಯ್‌ಗಳು ಮೆಟ್ಟಿಲ ಮೇಲೆಯೇ ನಿಂತುಬಿಡುತ್ತಿದ್ದರು.

ತಲೆ ಹಿಡಿಯುವುದೆಂದರೆ ಏನು ಎಂದು ಈಗಿನವರಿಗೆ ಹೇಳಬೇಕು. ಈಗಿನ ಹಾಗೆ ಬೇಕಾದ ಕಡೆ ಬಾಗುವ ಕಪ್ಪು ಕೊಳವೆ ಆಗ ನಮ್ಮಲ್ಲಿರಲಿಲ್ಲ. ನೆಟ್ಟಗಿನ ಉಕ್ಕಿನ ನಳಿಗೆ, ಮೊಳದುದ್ದದ್ದು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಲ್ಬು. ಬ್ಯಾಟರಿ ಪೆಟ್ಟಿಗೆಯಿಂದ ಅದಕ್ಕೆ ವೈರು. ನಳಿಗೆ ನೆಟ್ಟಗಿದೆ, ಮನುಷ್ಯನ ಗಂಟಲು ನೆಟ್ಟಗಿಲ್ಲ. ಬಾಗಬೇಕಾದವನು ಮನುಷ್ಯನೇ. ರೋಗಿಯನ್ನು ಅಂಗಾತ ಮಲಗಿಸಿ, ಹೆಗಲು ಮೇಜಿನ ಅಂಚಿಗೆ ಬರುವಂತೆ ಎಳೆದು, ತಲೆಯನ್ನು ಗಾಳಿಯಲ್ಲಿ ಬಿಡಬೇಕು. ಆ ತಲೆ ನನ್ನ ಅಂಗೈಯಲ್ಲಿ. ಮೊದಲು ಎತ್ತಿ ಹಿಡಿಯಬೇಕು, ನಳಿಗೆ ಒಳಗಿಳಿದ ಹಾಗೆಲ್ಲ ನಿಧಾನವಾಗಿ ಇಳಿಸಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದಿರುತ್ತಿದ್ದರು ಅಷ್ಟೇ. ರೋಗಿಗೆ ಪೂರಾ ಎಚ್ಚರ. ಅನ್ನನಾಳದ ಗೋಡೆ ನೆನೆದ ಕಾಗದದಷ್ಟು ಮೆತ್ತಗೆ. ನನ್ನ ಕೈ ತುಸು ಜರುಗಿದರೆ ಉಕ್ಕಿನ ತುದಿ ಅದನ್ನು ಹರಿದುಕೊಂಡು ಎದೆಯೊಳಗೆ ಹೋಗುತ್ತದೆ. ಹೋದರೆ ಆ ಮನುಷ್ಯ ಉಳಿಯುವುದು ಕಷ್ಟ. ಇಷ್ಟನ್ನು ಮೊದಲ ದಿನವೇ ಹೇಳಿಬಿಟ್ಟಿದ್ದರು. ಆ ದಿನ ನಾನು ಊಟ ಮಾಡಲಿಲ್ಲ.

ಹಾಗೆ ಹರಿದುಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೂ ಉಂಟು. ಅದು ನಾನು ತಲೆ ಹಿಡಿಯುವುದಕ್ಕೆ ಮೊದಲು, ಇನ್ನೂ ಕಲಿಯುವ ಹುಡುಗಿಯಾಗಿ ಥಿಯೇಟರಿನ ಮೂಲೆಯಲ್ಲಿ ಟ್ರೇ ಹಿಡಿದು ನಿಲ್ಲುತ್ತಿದ್ದ ಕಾಲ. ಕೊಂಕಣದ ಕಡೆಯ ಒಬ್ಬ ಗಿರಣಿ ಕಾರ್ಮಿಕನ ಅನ್ನನಾಳ ಕಿರಿದಾಗಿತ್ತು. ಆಗ ರೋಗಿಯ ಕೈಗಳನ್ನು ಪಟ್ಟಿಯಿಂದ ಮೇಜಿಗೆ ಕಟ್ಟುತ್ತಿದ್ದರು. ಸಾಹೇಬರು ಹಿಗ್ಗಿಸುವ ಸಲಾಕೆಯನ್ನು ಅಂದಾಜಿನ ಮೇಲೆ ಒಳಗೆ ತಳ್ಳುತ್ತಿದ್ದರು. ಕಟ್ಟಿದ ಕೈಯ ಬೆರಳುಗಳು ಮೇಲೆ ಕೆಳಗೆ ಆಡುತ್ತಿದ್ದವು. ಅದು ಎಲ್ಲರಿಗೂ ಕಾಣುತ್ತಿತ್ತು. ಅದಕ್ಕೊಂದು ಅರ್ಥವಿದೆ ಎಂದು ಯಾರೂ ತಿಳಿದಿರಲಿಲ್ಲ. ಸಂಜೆಗೆ ಆತನ ಕತ್ತು ಊದಿಕೊಂಡಿತು. ಒತ್ತಿ ನೋಡಿದರೆ ಚರ್ಮದ ಕೆಳಗೆ ಹಪ್ಪಳ ಮುರಿದ ಹಾಗೆ ಚರಚರ ಎನ್ನುತ್ತಿತ್ತು. ಅನ್ನನಾಳ ಹರಿದ ಕಡೆಯಿಂದ ಗಾಳಿ ಸೋರಿ ಕತ್ತಿನವರೆಗೆ ಬಂದಿತ್ತು. ಆತ ಬದುಕಲಿಲ್ಲ. ಆ ಸದ್ದು ಇವತ್ತಿಗೂ ನನ್ನ ಬೆರಳ ತುದಿಯಲ್ಲಿದೆ.

ಬಡೇ ಸಾಹೇಬರು ಕೆಲವು ದಿನ ಥಿಯೇಟರಿಗೇ ಬರಲಿಲ್ಲ. ಬಂದಾಗ ಎರಡು ಬದಲಾವಣೆ ತಂದರು. ಇನ್ನು ಮುಂದೆ ಅಂದಾಜಿನ ಮೇಲೆ ಸಲಾಕೆ ತಳ್ಳುವುದಿಲ್ಲ. ರೋಗಿಯ ಕೈ ಕಟ್ಟುವುದೂ ಇಲ್ಲ. ಬಲಗೈ ಎದೆಯ ಮೇಲೆ ಬಿಚ್ಚಿಟ್ಟಿರಬೇಕು. ನೋವಾದರೆ ರೋಗಿ ತೋರುಬೆರಳು ಎತ್ತಬೇಕು. ಸಾಹೇಬರ ಕಣ್ಣು ನಳಿಗೆಯೊಳಗಿರುತ್ತದೆ, ಬೆರಳು ನೋಡುವುದು ತಲೆ ಹಿಡಿದವಳ ಕೆಲಸ. ಎದ್ದ ಕೂಡಲೇ "ಫಿಂಗರ್!" ಎಂದು ಕೂಗಬೇಕು. ಆ ಗಿರಣಿ ಕಾರ್ಮಿಕನ ಹೆಸರನ್ನು ಅವರು ಎತ್ತಲಿಲ್ಲ. ಎತ್ತುವ ಧೈರ್ಯ ನಮಗೂ ಇರಲಿಲ್ಲ.

ಇನ್ನು ವಾಸುದೇವ ಭಟ್ಟರ ವಿಷಯ. ಉಡುಪಿ ಕಡೆಯವರು, ಫೋರ್ಟಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಆಫೀಸಿನವರು ಅವರ ಸಾರಿಗಾಗಿಯೇ ಸಾಲು ನಿಲ್ಲುತ್ತಿದ್ದರಂತೆ. ಜಿಡ್ಡು ಹಿಡಿದ ಪಾತ್ರೆ ತಿಕ್ಕಲು ಯಾರೋ ಕಾಸ್ಟಿಕ್ ಸೋಡಾ ಕರಗಿಸಿ ಚೊಂಬಿನಲ್ಲಿ ಇಟ್ಟಿದ್ದರು. ಮಧ್ಯಾಹ್ನದ ಗಡಿಬಿಡಿಯಲ್ಲಿ ಭಟ್ಟರು ನೀರೆಂದು ಎತ್ತಿ ಗಂಟಲಿಗೆ ಹೊಯ್ದುಕೊಂಡರು.

"ತುಟಿ ತಾಗಿಸಿ ಕುಡಿದಿದ್ರೆ ತುಟಿಯಲ್ಲೇ ಗೊತ್ತಾಗ್ತಿತ್ತು ಸಿಸ್ಟರೇ," ಎಂದರು ನನ್ನೊಡನೆ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ. "ಎಂಜಲಾಗ್ತದಲ್ಲ, ಅದಕ್ಕೆ ಮೇಲಿಂದ ಹೊಯ್ಕೊಳ್ಳುದು ನಮ್ಮ ಕ್ರಮ. ಸೀದಾ ಒಳಗೆ ಹೋಯ್ತು ನೋಡಿ."

ತುಟಿ, ನಾಲಿಗೆ ಹೆಚ್ಚು ಸುಟ್ಟಿರಲಿಲ್ಲ, ಅನ್ನನಾಳ ಸುಟ್ಟಿತ್ತು. ಸುಟ್ಟದ್ದು ಮಾಯುತ್ತ ಮಾಯುತ್ತ ಮುದುಡಿ, ಸಾಸಿವೆಕಾಳಿನಷ್ಟು ದಾರಿ ಉಳಿಯಿತು. ನೀರು ಮಾತ್ರ ಗುಟುಕು ಗುಟುಕಾಗಿ ಇಳಿಯುತ್ತಿತ್ತು. ಅಂಥವರಿಗೆ ಸಾಹೇಬರು ದಾರ ನುಂಗಿಸುತ್ತಿದ್ದರು. ರೇಷ್ಮೆ ದಾರದ ತುದಿಗೆ ಸಣ್ಣ ಮಣಿ ಕಟ್ಟಿ ನೀರಿನೊಂದಿಗೆ ನುಂಗಿಸುವುದು. ಮಣಿ ಆ ಸಣ್ಣ ದಾರಿಯಲ್ಲಿ ಹೇಗೋ ನುಸುಳಿ ಕರುಳಿಗೆ ಇಳಿದರೆ ದಾರ ಬಿಗಿಯಾಗಿ ನಿಲ್ಲುತ್ತದೆ. ಹೊರಗಿನ ತುದಿಯನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸುವುದು. ಆಮೇಲೆ ತೂತಿರುವ ಲೋಹದ ಗುಂಡನ್ನು ಆ ದಾರಕ್ಕೆ ಪೋಣಿಸಿ ಒಳಗಿಳಿಸಿದರೆ ಅದು ದಾರಿ ತಪ್ಪುವ ಹಾಗಿಲ್ಲ. ವಾರ ವಾರ ಸ್ವಲ್ಪ ದಪ್ಪ ಗುಂಡು. ಭಟ್ಟರ ಮಣಿ ಇಳಿಯಲು ತುಂಬಾ ದಿನ ಸತಾಯಿಸಿತ್ತು. ಆದ್ದರಿಂದ ದಾರಿ ಅಗಲವಾಗುವವರೆಗೆ ಆ ದಾರ ತೆಗೆಯಲೇಬಾರದು ಎಂದು ಸಾಹೇಬರ ಕಟ್ಟಪ್ಪಣೆ.

"ಮೀನು ಮುಟ್ಟದವನಿಗೆ ಗಾಳ ಕಚ್ಚಿದ ಮೀನಿನ ಗತಿ ಬಂತಲ್ಲ ಮಾರಾಯ್ರೆ," ಎಂದು ಭಟ್ಟರು ಕೆನ್ನೆಯ ದಾರ ಮುಟ್ಟಿ ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಅವರ ಭಾಷೆ ಬಲ್ಲವಳು ನಾನೊಬ್ಬಳೇ. ಅದನ್ನೂ ಅವರು ಪೂರ್ತಿ ಒಪ್ಪುತ್ತಿರಲಿಲ್ಲ. "ನಿಮ್ಮದು ಕನ್ನಡ ಹೌದು, ಆದ್ರೆ ಬೈದ ಹಾಗೆ ಕೇಳ್ತದೆ," ಎನ್ನುತ್ತಿದ್ದರು. ನೀರು, ಗಂಜಿ ತಿಳಿಯಲ್ಲಿ ದಿನ ದೂಡುತ್ತಿದ್ದ ಆ ಮನುಷ್ಯ ನನಗೆ ಅಡುಗೆ ಹೇಳಿಕೊಡುತ್ತಿದ್ದರು. ಸಾರಿಗೆ ಕೊತ್ತಂಬರಿ ಎಷ್ಟು ಹುರಿಯಬೇಕು, ಬೆಲ್ಲ ಯಾವಾಗ, ಇಂಗು ಯಾವಾಗ. ಹೇಳುತ್ತ ಹೇಳುತ್ತ ಅವರ ಬಾಯಲ್ಲಿ ನೀರೂರುತ್ತಿತ್ತು. ಅದನ್ನು ನುಂಗಲಾಗದೆ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದರು. ನೋಡಲು ನನಗೆ ಸಂಕಟವಾಗುತ್ತಿತ್ತು. ಹೋಟೆಲಿನ ಧಣಿ ಅವರ ಒಲೆಯನ್ನು ಬೇರೆಯವರಿಗೆ ಕೊಡದೆ ಕಾಯುತ್ತಿದ್ದರು. ಒಂದು ತುತ್ತು ಅನ್ನ ಸಾರು ನೆಲದ ಮೇಲೆ ಕೂತು ಉಣ್ಣಬೇಕು, ಆಮೇಲೆ ಒಲೆಯ ಮುಂದೆ ನಿಲ್ಲಬೇಕು. ಭಟ್ಟರಿಗೆ ಬೇಕಾದದ್ದು ಇಷ್ಟೇ.

ಗಂಜಿಯಲ್ಲಿ ಅನ್ನದ ಅಗುಳು ಇಳಿಯತೊಡಗಿದ ಹೊತ್ತಿಗೆ ಶ್ರಾವಣ ಬಂತು. ನೂಲಹುಣ್ಣಿಮೆಯ ದಿನ ಪಾರ್ಲೆಯಲ್ಲಿ ಹೋಟೆಲಿನವರೆಲ್ಲ ಸೇರಿ ಜನಿವಾರ ಬದಲಿಸುತ್ತಿದ್ದರು. ಭಟ್ಟರು ಸಾಹೇಬರನ್ನು ಕೇಳಿಕೊಂಡು ರಜೆ ಪಡೆದು ಹೋದರು. ಸಂಜೆ ಹೊಸ ಜನಿವಾರ, ಹಣೆಗೆ ಗಂಧ, ನಗುಮುಖ ಹೊತ್ತು ಬಂದರು. ಕೆನ್ನೆಯ ಮೇಲೆ ಪ್ಲಾಸ್ಟರಿನ ಗುರುತು ಮಾತ್ರ ಇತ್ತು, ದಾರ ಇರಲಿಲ್ಲ.

"ಭಟ್ರ, ದಾರ ಎಲ್ಲೈತ್ರಿ?" ಎಂದೆ.

"ಒಳಗೇ ಉಂಟಲ್ಲ," ಎಂದರು. "ಬಾಯಿಂದ ಎಂಜಲು ದಾರ ನೇತಾಡಿಸಿಕೊಂಡು ಹೊಸ ಜನಿವಾರ ಹಾಕ್ಕೊಳ್ಳುದು ಹೇಗೆ? ತುಟಿ ಹತ್ರ ಕತ್ತರಿಸಿದೆ. ಕರ್ಮ ಮುಗಿದ ಮೇಲೆ ಗಂಟು ಹಾಕುವಾ ಅಂತ ಇದ್ದೆ. ತುದಿ ಸಿಕ್ಕಲಿಲ್ಲ. ಎಂತಾಯ್ತು ಸಿಸ್ಟರೇ? ಯಾಕೆ ಹಾಗೆ ನೋಡ್ತೀರಿ?"

ಕತ್ತರಿಸಿದ ದಾರ ಆಗಲೇ ಗಂಟಲಿಳಿದು ಮಣಿಯ ಹಿಂದೆ ಹೊರಟುಹೋಗಿತ್ತು. ಬಡೇ ಸಾಹೇಬರಿಗೆ ಸುದ್ದಿ ಮುಟ್ಟಿಸಿದಾಗ ಅವರು ಕೂಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಅವರು ಕೂಗದಿದ್ದಾಗಲೇ ನನಗೆ ಹೆಚ್ಚು ಹೆದರಿಕೆ.

ಹೊಸ ದಾರ ನುಂಗಿಸಿ ನೋಡಿದರು, ಮಣಿ ಇಳಿಯಲೇ ಇಲ್ಲ. ಹಿಗ್ಗಿಸಿದ ಗಾಯ ಬಾತುಕೊಂಡು ಮತ್ತೆ ಮುದುಡುತ್ತಿತ್ತು. ಅಗುಳು ನಿಂತಿತು, ಗಂಜಿ ತಿಳಿ ನಿಂತಿತು, ಕೊನೆಗೆ ಕುಡಿದ ನೀರೂ ವಾಪಸು ಬರತೊಡಗಿತು. ಹೊಟ್ಟೆಗೆ ತೂತು ಕೊರೆದು ರಬ್ಬರ್ ಕೊಳವೆಯಿಂದ ಆಹಾರ ಹೊಯ್ಯುವುದು ಉಳಿದ ದಾರಿ. ಅದನ್ನು ಭಟ್ಟರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಕರವಸ್ತ್ರ ಮಡಿಸಿ ದಿಂಬಿನ ಕೆಳಗಿಟ್ಟರು. "ಬಾಯಿಯಲ್ಲಿ ಉಣ್ಣದವ ಬೇರೆಯವರಿಗೆ ಎಂತ ಬೇಯಿಸುದು ಸಿಸ್ಟರೇ? ಒಮ್ಮೆ ಆ ನಳಿಗೆ ಹಾಕಿ ನೋಡ್ಲಿಕ್ಕೆ ಹೇಳಿ. ಹೋದ್ರೆ ಹೋಯ್ತು."

"ಹಂಗ ಅನಬ್ಯಾಡ್ರಿ," ಎಂದೆ.

ಸಾಹೇಬರು ಒಪ್ಪಿದರು. ನಳಿಗೆಯಿಂದ ಆ ಸಾಸಿವೆಕಾಳಿನ ದಾರಿಯನ್ನು ಕಣ್ಣಾರೆ ಹುಡುಕಿ, ಅದರೊಳಗೆ ಅತಿ ಸಣ್ಣ ಸಲಾಕೆ ಕಳಿಸುವುದು. ಹಿಂದಿನ ದಿನ ನಾನು ಹತ್ತಿಯಲ್ಲಿ ಸುತ್ತಿಟ್ಟ ಬಲ್ಬುಗಳನ್ನು ಹಚ್ಚಿ ಹಚ್ಚಿ ನೋಡಿದೆ. ಅವು ವಿಲಾಯತಿಯಿಂದ ಬರಬೇಕು, ಹಡಗು ತಡವಾದರೆ ಕಾಯಬೇಕು. ಚೆನ್ನಾಗಿ ಉರಿದದ್ದನ್ನು ನಳಿಗೆಗೆ ಹಾಕಿ, ಒಂದನ್ನು ಟ್ರೇಯಲ್ಲಿ ಎತ್ತಿಟ್ಟೆ. ಆ ರಾತ್ರಿ ಕ್ವಾರ್ಟರ್ಸಿನಲ್ಲಿ ಕಣ್ಣು ಮುಚ್ಚಿದರೆ ಚರಚರ ಸದ್ದು.

ಮೇಜಿನ ಮೇಲೆ ಭಟ್ಟರನ್ನು ಮಲಗಿಸಿದೆವು. ಕಣ್ಣಿಗೆ ಬಟ್ಟೆ ಹಾಕಿದೆ. ಉಕ್ಕಿನ ನಳಿಗೆ ಕಂಡರೆ ಎಂಥ ಗಟ್ಟಿಗನೂ ಎದ್ದು ಓಡುತ್ತಾನೆ. ಅವರ ತಲೆ ನನ್ನ ಅಂಗೈಗೆ ಬಂತು. ಜುಟ್ಟು ಬೆವರಿನಿಂದ ಒದ್ದೆಯಾಗಿತ್ತು. ಬಲಗೈ ಎದೆಯ ಮೇಲೆ, ಹೊಸ ಜನಿವಾರದ ಪಕ್ಕದಲ್ಲಿತ್ತು.

"ಅಲ್ಲಾಡಬ್ಯಾಡ್ರಿ ಭಟ್ರ. ನೋವಾದ್ರ ಬೆರಳು ಎತ್ತರಿ. ನಾ ನೋಡಕೋತ ಇರ್ತೀನಿ."

ನಳಿಗೆ ಇಳಿಯಿತು. ನಾನು ತಲೆ ಇಳಿಸುತ್ತ ಹೋದೆ. ಸಾಹೇಬರು ನಿಂತರು. "ದಿಖಾ," ಎಂದರು. ದಾರಿ ಕಂಡಿತ್ತು. ಸಣ್ಣ ಸಲಾಕೆಗಾಗಿ ಕೈ ಚಾಚಿದರು. ಅಷ್ಟರಲ್ಲಿ ನಳಿಗೆಯ ಬಾಯಿಂದ ಕಾಣುತ್ತಿದ್ದ ಬೆಳಕು ಕೆಂಪಾಗಿ, ಪಕ್ಕನೆ ಆರಿತು.

ಬಲ್ಬು ಬದಲಿಸುವುದು ಯಾವಾಗಲೂ ನನ್ನ ಕೆಲಸ, ಬೇರೆ ಯಾರಿಗೂ ಅದನ್ನು ಕಲಿಸಿರಲಿಲ್ಲ. ಆದರೆ ಆಗ ನನ್ನ ಎರಡೂ ಕೈಯಲ್ಲಿ ಭಟ್ಟರ ತಲೆ. ನಳಿಗೆ ಒಳಗಿರುವಾಗ ತಲೆ ಬಿಟ್ಟರೆ ಕೊಂದ ಹಾಗೆ. ನಳಿಗೆ ಹೊರತೆಗೆದರೆ ಮತ್ತೆ ಹಾಕಲು ಆ ಊದಿದ ಗಂಟಲು ಬಿಡುತ್ತದೋ ಇಲ್ಲವೋ. ನಳಿಗೆಯೊಳಗೆ ಬಲ್ಬನ್ನು ಹಿಡಿದಿರುವ ತೆಳು ಕಡ್ಡಿಯನ್ನು ಮಾತ್ರ ಹೊರಗೆಳೆದು ಬಲ್ಬು ಬದಲಿಸಬಹುದು. ಸಾಹೇಬರು ಒಂದು ಕೈಯಲ್ಲಿ ನಳಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿ ಎಳೆದು ಟ್ರೇ ಮೇಲಿಟ್ಟು ಹೊಸ ಬಲ್ಬು ತಿರುಗಿಸಲು ಹೊರಟರು. ಅದು ಕೂರಲಿಲ್ಲ. ಮತ್ತೆ ತಿರುಗಿಸಿದರು. ಅವರ ಕೈ ನಡುಗುತ್ತಿತ್ತು. ಟ್ರೇ ಎಸೆಯುವ ಆ ಕೈ ನಡುಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಷ್ಟು ದಿನ ಅವರ ಸಿಟ್ಟಿನ ಮರೆಯಲ್ಲಿ ನಾನು ನಿಂತಿದ್ದೆ. ಅವರೂ ಹೆದರಿದರೆ ನಾನು ಎಲ್ಲಿ ನಿಲ್ಲಲಿ?

ಭಟ್ಟರ ಉಸಿರು ಜೋರಾಯಿತು. ಕತ್ತಿನ ನರ ನನ್ನ ಬೆರಳ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಇನ್ನೇನು ತಲೆ ಕೊಡವುತ್ತಾರೆ ಅನಿಸಿತು. ಅವರನ್ನು ಹಿಡಿದಿಡಲು ನನ್ನ ಹತ್ತಿರ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಯಿಗೆ ಬಂದದ್ದು ಅವರದೇ ಸಾರು.

"ಕೇಳ್ರಿ ಭಟ್ರ, ನೀವು ಹೇಳಿಕೊಟ್ಟ ಸಾರು ಹೇಳ್ತೀನಿ. ಮೊದಲ ಬ್ಯಾಳಿ ಬೇಯಸೂದು. ಕೊತ್ತಂಬ್ರಿ ಹುರಿಯೂದು, ಹೊತ್ತಬಾರದು. ಬ್ಯಾಡಗಿ ಮೆಣಸಿನಕಾಯಿ, ಒಂಚೂರು ಮೆಂತೆ. ಹುಣಸಿಹಣ್ಣು ಕಿವುಚಿ ಹಾಕೂದು..."

ಉಸಿರು ತುಸು ತಗ್ಗಿತು. ಬಲ್ಬು ಕೂತಿತು, ಕಡ್ಡಿ ಒಳಗೆ ಹೋಯಿತು, ಬೆಳಕು ಬಂತು. ಸಾಹೇಬರು ಕಣ್ಣಿಟ್ಟರು. ಸಣ್ಣ ಸಲಾಕೆ ತೆಗೆದುಕೊಂಡು ಒಳಗೆ ಬಿಟ್ಟರು. ಅದು ಎಲ್ಲಿಗೋ ತಾಗಿ ನಿಂತಿತು. ಅವರು ತುಸು ಒತ್ತಿದರು. ನಾನು ಬೆರಳಿನಿಂದ ಕಣ್ಣು ಕೀಳದೆ ಗುನುಗುತ್ತಲೇ ಇದ್ದೆ.

"ಬೆಲ್ಲ ಹಾಕೂದು. ಆಮ್ಯಾಲೆ ಒಗ್ಗರಣಿ. ಸಾಸಿವಿ, ಕರಿಬೇವು, ನಾಕು ಬಳ್ಳೊಳ್ಳಿ ಜಜ್ಜಿ ಹಾಕೂದು..."

ಬೆರಳು ಎದ್ದಿತು.

"ಫಿಂಗರ್!" ಎಂದು ಕಿರುಚಿದೆ.

ಸಾಹೇಬರ ಕೈ ನಿಂತಿತು. ಸಲಾಕೆಯನ್ನು ಹಿಂದಕ್ಕೆ ತೆಗೆದರು. ನನ್ನ ಕಿವಿಯಲ್ಲಿ ಅದೇ ಹಪ್ಪಳದ ಸದ್ದು. ಮುಗಿಯಿತು, ಹರಿದುಹೋಯಿತು ಎಂದುಕೊಂಡೆ. ಸಾಹೇಬರು ಮತ್ತೆ ಬಗ್ಗಿ ನಳಿಗೆಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮೂಗಿನ ತುದಿಯಿಂದ ಬೆವರಿನ ಹನಿ ನನ್ನ ಮುಂಗೈ ಮೇಲೆ ಬಿತ್ತು.

"ಯೇ ವೋ ನಹೀಂ ಹೈ," ಎಂದರು ಮೆಲ್ಲಗೆ. ಇದು ಆ ದಾರಿಯಲ್ಲ.

ಬಲ್ಬು ಬದಲಿಸುವ ಹೊತ್ತಿನಲ್ಲಿ ನಳಿಗೆ ಕೂದಲೆಳೆಯಷ್ಟು ಜರುಗಿತ್ತು. ದಾರಿಯ ಪಕ್ಕದಲ್ಲಿದ್ದ ಒಂದು ಮಡಿಕೆಯಲ್ಲಿ ಸಲಾಕೆ ಸಿಕ್ಕಿಕೊಂಡಿತ್ತು. ಆ ಮಡಿಕೆಯ ಆಚೆ ದಾರಿಯಿಲ್ಲ, ಎದೆಗೂಡು ಮಾತ್ರ. ಇನ್ನೊಂದು ಸಲ ಒತ್ತಿದ್ದರೆ ಅಲ್ಲಿಗೇ ಹೋಗುತ್ತಿತ್ತು. ಅವರು ನಳಿಗೆಯನ್ನು ಸರಿಪಡಿಸಿದರು. ನನಗೆ ಕಣ್ಣಿನಲ್ಲೇ ತಲೆ ಇಳಿಸು ಎಂದರು. ಇಳಿಸಿದೆ. ಈ ಸಲ ಸಲಾಕೆ ಎಲ್ಲೂ ತಡೆಯದೆ ಇಳಿಯಿತು. ಬೆರಳು ಎದೆಯ ಮೇಲೆ ಸುಮ್ಮನಿತ್ತು.

ಅಂದು ಸಂಜೆಯವರೆಗೆ ಗಳಿಗೆಗೊಮ್ಮೆ ಹೋಗಿ ಭಟ್ಟರ ಕತ್ತು ಒತ್ತಿ ನೋಡಿದೆ. ಸದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ನೀರು ಕುಡಿದರು, ನೀರು ಇಳಿಯಿತು. ಹೊಸ ದಾರದ ಮಣಿಯೂ ಇಳಿಯಿತು. ಬಾಯಿ ತೆರೆದು ಅವರು ಆಡಿದ ಮೊದಲ ಮಾತು ಇದು:

"ಸಿಸ್ಟರೇ, ಸಾರಿಗೆ ಬೆಳ್ಳುಳ್ಳಿ ಹಾಕ್ಲಿಕ್ಕೆ ನಾನು ಯಾವಾಗ ಹೇಳಿದ್ದು?"

ನನಗೆ ಅರ್ಥವಾಗಲಿಲ್ಲ.

"ನಾಕು ಬೆಳ್ಳುಳ್ಳಿ ಜಜ್ಜಿ ಅಂದ್ರಿ ಅಲ್ವಾ? ಅದು ಸಾರಾ ಮಾರಾಯ್ರೆ? ಅದಕ್ಕೇ ಬೆರಳೆತ್ತಿದ್ದು. ಬೇಡ ಅಂತ ಹೇಳ್ಲಿಕ್ಕೆ ಬಾಯಿ ಇರ್ಲಿಲ್ಲ."

"ನೋವು ಆಗಿರಲಿಲ್ಲೇನ್ರಿ?"

"ಔಷಧಿ ಹೊಡೆದಿದ್ರಲ್ಲ, ಎಂತ ನೋವು? ಎಂತದೂ ಗೊತ್ತಾಗ್ಲಿಲ್ಲ."

ಹೆದರಿಕೆಯಲ್ಲಿ ನನ್ನ ನಾಲಿಗೆ ಅವರ ಸಾರಿನಿಂದ ನನ್ನ ಅವ್ವನ ಸಾರಿಗೆ ಜಾರಿತ್ತು. ನನಗೆ ಮೊದಲು ನಗು ಬಂತು. ನಗುತ್ತಿದ್ದ ಹಾಗೇ ಅವರ ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಭಟ್ಟರಿಗೆ ಗಾಬರಿ. "ಹಾಕಿ, ಬೇಕಾದ್ರೆ ಹಾಕಿ, ಅಳ್ಬೇಡಿ," ಎಂದರು.

ಬಡೇ ಸಾಹೇಬರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಸ್ಟೂಲಿನ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು. ಆ ಮಡಿಕೆ ಹರಿದಿದ್ದರೂ ಮರಗಟ್ಟಿದ ಭಟ್ಟರಿಗೆ ಆಗ ತಿಳಿಯುತ್ತಿರಲಿಲ್ಲ ಎಂಬುದು ಇಬ್ಬರಿಗೂ ಹೊಳೆದಿತ್ತು. ಕೊನೆಗೆ ಅವರು ಹೇಳಿದ್ದು ಇಷ್ಟು: "ಸಿಸ್ಟರ್, ಉಂಗಲೀ ಉಠೇ ತೋ ಪೂಛ್ನಾ ನಹೀಂ. ರುಕ್ನಾ." ಬೆರಳು ಎದ್ದರೆ ಯಾಕೆಂದು ಕೇಳಬಾರದು, ನಿಲ್ಲಬೇಕು.

ಭಟ್ಟರು ಒಲೆಯ ಮುಂದೆ ನಿಂತರು. ದಾರಿ ಮತ್ತೆ ಮುದುಡದ ಹಾಗೆ ಹಿಗ್ಗಿಸಿಕೊಳ್ಳಲು ವರ್ಷಗಟ್ಟಲೆ ಬರುತ್ತಿದ್ದರು. ಪ್ರತಿ ಸಲವೂ ಅವರ ತಲೆ ನನ್ನ ಕೈಗೆ ಬಂದಾಗ ನನಗೆ ಮೊದಲ ದಿನದಷ್ಟೇ ಹೆದರಿಕೆಯಾಗುತ್ತಿತ್ತು.

ಈಚೆಗೆ ನನಗೇ ಹೊಟ್ಟೆನೋವು. ಇಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿಸಿದರು. ಮಗ್ಗುಲಾಗಿ ಮಲಗಿದ್ದೆ. ಹಾವಿನ ಹಾಗೆ ಬಳುಕುವ ಕಪ್ಪು ಕೊಳವೆ, ಎದುರಿಗೆ ಟಿ.ವಿ. ಒಳ್ಳೆಯ ಡಾಕ್ಟರು, ಚೂಟಿ ನರ್ಸ್. "ಹಿಲ್ನಾ ಮತ್ ಆಂಟಿ," ಅಲ್ಲಾಡಬೇಡಿ ಎಂದಳು. ಕೊಳವೆ ಗಂಟಲು ದಾಟುವಾಗ ಆ ಹಳೆಯ ಹೆದರಿಕೆ ಎದೆಗೆ ನುಗ್ಗಿತು. ನಾನು ಬೆರಳೆತ್ತಿದೆ. ಎತ್ತಿಯೇ ಇದ್ದೆ. ನರ್ಸೂ ಡಾಕ್ಟರೂ ಟಿ.ವಿ. ನೋಡುತ್ತಿದ್ದರು. ಬೇಗನೆ ಮುಗಿಯಿತು, ಏನೂ ಆಗಲಿಲ್ಲ. ಎಲ್ಲ ನಾರ್ಮಲ್ ಆಂಟಿ ಎಂದು ಪರದೆಯ ಆಚೆಗಿನ ಮಂಚಕ್ಕೆ ನನ್ನನ್ನು ಸಾಗಿಸಿದರು.

ಮುಂದಿನವನು ಬಂದ. ನಡುವೆ ಪರದೆ ಇದ್ದರೂ ಅಂಚಿನ ಸಂದಿಯಿಂದ ಅವನ ಕೈ ನನಗೆ ಕಾಣುತ್ತಿತ್ತು. ಗಟ್ಟಿಮುಟ್ಟಾದ, ದುಡಿದ ಕೈ. ಅವನಿಗೆ ಬೆರಳಿನ ನಿಯಮ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಆದರೂ ನೋಡುತ್ತಿದ್ದ ಹಾಗೆ ಅವನ ತೋರುಬೆರಳು ಹಾಸಿಗೆಯಿಂದ ಮೆಲ್ಲಗೆ ಮೇಲೆದ್ದಿತು.

"ಫಿಂಗರ್!"

ಕೂಗಿದ್ದು ನಾನೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು. ಮರಗಟ್ಟಿದ ಗಂಟಲಿನಿಂದ ಅಷ್ಟು ದೊಡ್ಡ ಧ್ವನಿ ಹೇಗೆ ಬಂತೋ. ಆ ಹುಡುಗಿ ಟಿ.ವಿ.ಯಿಂದ ಕಣ್ಣು ಕಿತ್ತು ಕೆಳಗೆ ನೋಡಿದಳು. ಡಾಕ್ಟರ ಕೈ ನಿಂತಿತು.

ಆತ ಯಾಕೆ ಬೆರಳೆತ್ತಿದ್ದನೋ, ನಾನು ಕೇಳಲಿಲ್ಲ.